ಹಳೆ ಬೈಕಿನ ಕಾರ್ಬೋರೇಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಹತ್ತಿರ ಇರುವುದು ಎರಡು ಹಳೆ ಗಾಡಿ. ಒಂದು ಅಪ್ಪನ ಕಾಲದ ಕಾಸ್ಟ್ ಐರನ್ ಬುಲೆಟ್ 350. ಇನ್ನೊಂದು ನಾನೇ ಆಸೆಪಟ್ಟು ತಂದುಕೊಂಡ ಯಮಾಹಾದ ಟೂ ಸ್ಟ್ರೋಕ್ ಆರ್‌ಎಕ್ಸ್ 100. ಬುಲೆಟ್‌ಗೆ ವಿಎಂ 24, ಆರ್‌ಎಕ್ಸ್‌ಗೆ ವಿಎಂ 20 ಕಾರ್ಬೋರೇಟರ್, ಅಂದರೆ ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ. ಆ ಅಂಕಿ ಗಾಳಿ ಹೋಗುವ ದಾರಿಯ ಅಳತೆ, ಮಿಲಿಮೀಟರ್‌ನಲ್ಲಿ. ಎರಡೂ ಜಪಾನಿನ ಮಿಕುನಿ ಕಂಪನಿಯ ವಿನ್ಯಾಸ. ನಮ್ಮಲ್ಲಿ ಇವನ್ನು ಚೆನ್ನೈನ ಯೂಕಲ್ ಕಂಪನಿ ತಯಾರಿಸಿತು. ಗೆಳೆಯರು, ನೆಂಟರು, ಪೆಟ್ರೋಲ್ ಬಂಕಿನಲ್ಲಿ ಸಿಕ್ಕವರು ಕೇಳಿದ ಪ್ರಶ್ನೆಗಳೆಲ್ಲ ಇಲ್ಲಿವೆ. ಬಹುತೇಕ ಉತ್ತರಗಳು ಈ ಎರಡು ಗಾಡಿಗಳಿಂದ ಕಲಿತದ್ದು.

ಗಾಡಿ ಮಿಸ್ಸಿಂಗ್ ಹೊಡೆಯುತ್ತಿದೆ. ಕಾರ್ಬೋರೇಟರ್ ಬಿಚ್ಚಲಾ?

ಬೇಡ. ಸ್ವಲ್ಪ ತಡೀರಿ.

ಹಳೆ ಗಾಡಿಯಲ್ಲಿ ಏನೇ ಕೆಟ್ಟರೂ ಮೊದಲು ಬೈಸಿಕೊಳ್ಳುವುದು ಕಾರ್ಬೋರೇಟರ್. ಅದು ಕೈಗೆ ಸಿಗುವ ಜಾಗದಲ್ಲಿದೆ, ಎರಡು ಸ್ಕ್ರೂ ಹೊರಗೇ ಕಾಣುತ್ತವೆ, ತಿರುಗಿಸೋಕೆ ಕೈ ತುರಿಸುತ್ತದೆ. ಆದರೆ ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಸಲ ದೋಷ ಇರುವುದು ಕರೆಂಟಿನಲ್ಲಿ. ಪ್ಲಗ್ ತೆಗೆದು ನೋಡಿ, ಗ್ಯಾಪ್ 0.6ರಿಂದ 0.7 ಮಿ.ಮೀ. ಇರಲಿ. ಪ್ಲಗ್ ಕ್ಯಾಪ್ ಅಲ್ಲಾಡುತ್ತಿದೆಯಾ ನೋಡಿ. ಪಾಯಿಂಟ್ (ಕಿಡಿ ಹುಟ್ಟಿಸಲು ಕರೆಂಟ್ ಕಡಿಯುವ ಪುಟ್ಟ ಸ್ವಿಚ್ಚು) ಇರುವ ಗಾಡಿಯಾದರೆ ಅದನ್ನು ತೆಗೆದು ಒರೆಸಿ, ಗ್ಯಾಪ್ 0.35 ಮಿ.ಮೀ. ಆಸುಪಾಸಿಗೆ ಹಿಡಿಸಿ. ಕಂಡೆನ್ಸರ್ ಹೋದರೆ ಪಾಯಿಂಟಿನಲ್ಲಿ ನೀಲಿ ಕಿಡಿ ಚಟಪಟ ಅನ್ನುತ್ತದೆ. ಬುಲೆಟ್‌ನಲ್ಲಿ ಟ್ಯಾಪೆಟ್, ಅಂದರೆ ವಾಲ್ವ್ ತೆರೆಯುವ ಭಾಗದ ಸಡಿಲು ನೋಡಿ. ಆರ್‌ಎಕ್ಸ್‌ನಲ್ಲಿ ಸೈಲೆನ್ಸರ್ ಒಳಗಿನ ಬ್ಯಾಫಲ್ ಕೊಳವೆ ಎಳೆದು ನೋಡಿ, ಮಸಿ ಕಟ್ಟಿದ್ದರೆ ಎಂಥ ಟ್ಯೂನಿಂಗ್ ಮಾಡಿದರೂ ಗಾಡಿ ಎಳೆಯುವುದಿಲ್ಲ.

ಇನ್ನೊಂದು ಇದೆ. ಗಾಡಿ ಐದಾರು ಕಿಲೋಮೀಟರ್ ಚೆನ್ನಾಗಿ ಓಡಿ ಉಸಿರು ಕಟ್ಟಿದ ಹಾಗೆ ನಿಂತರೆ, ಟ್ಯಾಂಕಿನ ಮುಚ್ಚಳ ತೆಗೆಯಿರಿ. ಪುಸ್ ಅಂತ ಗಾಳಿ ಎಳೆದುಕೊಂಡು ಗಾಡಿ ಮತ್ತೆ ಸ್ಟಾರ್ಟ್ ಆದರೆ, ಕೆಲಸ ಮುಗೀತು. ಮುಚ್ಚಳದ ಗಾಳಿತೂತು ಮುಚ್ಚಿಹೋಗಿದೆ, ಅಷ್ಟೇ.

ಹಾಗಾದರೆ ಕಾರ್ಬೋರೇಟರೇ ಅಂತ ಗೊತ್ತಾಗುವುದು ಹೇಗೆ?

ಎಕ್ಸಿಲೇಟರ್ ಹಿಡಿಗೆ ಒಂದು ಬಿಳಿ ಟೇಪ್ ಸುತ್ತಿ. ಪೂರ್ತಿ ಮುಚ್ಚಿದಾಗ ಒಂದು ಗೆರೆ, ಕಾಲು ತೆಗೆದಾಗ ಒಂದು, ಅರ್ಧಕ್ಕೊಂದು, ಮುಕ್ಕಾಲಿಗೊಂದು, ಪೂರ್ತಿಗೊಂದು. ಈಗ ಗಾಡಿ ಓಡಿಸಿ, ತೊಂದರೆ ಯಾವ ಗೆರೆಯಲ್ಲಿ ಬರುತ್ತದೆ ಅಂತ ಗಮನಿಸಿ. ಎಷ್ಟು ಸ್ಪೀಡಿನಲ್ಲಿ ಅನ್ನುವುದು ಮುಖ್ಯವಲ್ಲ. ಎಕ್ಸಿಲೇಟರ್ ಎಷ್ಟು ತೆಗೆದಿದ್ದೀರಿ ಅನ್ನುವುದು ಮುಖ್ಯ.

ಮುಚ್ಚಿದಲ್ಲಿಂದ ಸುಮಾರು ಎಂಟನೇ ಒಂದರಷ್ಟು ತೆಗೆಯುವವರೆಗೆ ಪೆಟ್ರೋಲ್ ಕೊಡುವುದು ಪೈಲಟ್ ಜೆಟ್ (ಜೆಟ್ ಅಂದರೆ ಅಳತೆಯ ತೂತಿರುವ ಹಿತ್ತಾಳೆ ತುಂಡು), ಗಾಳಿ ಹದ ಮಾಡುವುದು ಏರ್ ಸ್ಕ್ರೂ. ಅಲ್ಲಿಂದ ಕಾಲು ಭಾಗದವರೆಗೆ ಎಕ್ಸಿಲೇಟರ್ ತಿರುಗಿಸಿದಂತೆ ಮೇಲೇರುವ ಸ್ಲೈಡಿನ ಕೆಳತುದಿಯ ಓರೆ ಕಟ್ ಮುಖ್ಯ. ಕಾಲಿನಿಂದ ಮುಕ್ಕಾಲಿನವರೆಗೆ ಸ್ಲೈಡಿಗೆ ತೂಗಿದ ನೀಡಲ್ (ಸೂಜಿ) ಮತ್ತು ಅದು ಇಳಿಯುವ ನೀಡಲ್ ಜೆಟ್. ಅದರಾಚೆ ಮೇನ್ ಜೆಟ್. ಇವು ಒಂದರ ಗಡಿಗೆ ಒಂದು ನುಗ್ಗುತ್ತವೆ, ಗೆರೆ ಎಳೆದ ಹಾಗೆ ಬೇರೆ ಬೇರೆಯಲ್ಲ. ಆದರೂ ಎಲ್ಲಿ ಹುಡುಕಬೇಕು ಅನ್ನುವುದು ಗೊತ್ತಾಗುತ್ತದೆ. ಸಿಗ್ನಲ್‌ನಲ್ಲಿ ಆಫ್ ಆಗುವ ಗಾಡಿಗೆ ಮೇನ್ ಜೆಟ್ ಬದಲಿಸುವವರನ್ನು ನೋಡಿದ್ದೇನೆ. ಸುಮ್ನೆ ದುಡ್ಡು ದಂಡ.

ತೊಂದರೆ ಟೇಪಿನ ಯಾವ ಗೆರೆಗೂ ಅಂಟಿಕೊಳ್ಳದೆ ಎಲ್ಲೆಂದರಲ್ಲಿ ಬಂದರೆ, ಮತ್ತೆ ಕರೆಂಟಿನ ಕಡೆಗೇ ಹೋಗಿ.

ಬಿಚ್ಚಲೇಬೇಕು ಅಂತಾಯಿತು. ಏನೇನು ಬೇಕು?

ಹೊಸ ಪ್ಯಾಕಿಂಗ್ ಮತ್ತು ಓ ರಿಂಗ್, ಅಗಲವಾದ ತಟ್ಟೆ, ಬಿಳಿ ಬಟ್ಟೆ, ಫೋನಿನ ಕ್ಯಾಮೆರಾ. ಪ್ರತಿ ಹೆಜ್ಜೆಗೂ ಫೋಟೋ ತೆಗೆಯಿರಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯಲ್ಲಿ ಸಾಮಾನು ಸಿಗುತ್ತದೆ. ಹಳೆಯ ಜೆಟ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಸ್ಕ್ರೂಡ್ರೈವರ್ ಬಗ್ಗೆ ಮಾತ್ರ ಎರಡು ಮಾತು. ಈ ಕಾರ್ಬೋರೇಟರ್‌ಗಳ ಸ್ಟಾರ್ ಸ್ಕ್ರೂಗಳು ಜಪಾನಿ ಅಳತೆಯವು. ನಮ್ಮ ಮನೆಯ ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಪೂರ್ತಿ ಕೂರುವುದಿಲ್ಲ, ಜಾರಿ ತಲೆ ಸವೆಸಿಬಿಡುತ್ತದೆ. ಜಪಾನಿ ತುದಿಯದ್ದು ಸಿಕ್ಕರೆ ತಗೊಳ್ಳಿ. ಸಿಗದಿದ್ದರೆ ಗಟ್ಟಿಯಾಗಿ ಕೂರುವಂಥದ್ದು ಆರಿಸಿ, ಹಿಡಿಗೆ ಸುತ್ತಿಗೆಯಿಂದ ಒಂದೆರಡು ಮೆಲ್ಲನೆ ಏಟು ಕೊಟ್ಟು ಆಮೇಲೆ ತಿರುಗಿಸಿ. ಜೆಟ್ ಬಿಚ್ಚುವಾಗಲೂ ಅಷ್ಟೇ. ಹಿತ್ತಾಳೆ ತುಂಬ ಮೆತ್ತಗೆ.

ಪೆಟ್ರೋಲ್ ಕಾಕ್ ಬಂದ್ ಮಾಡಿ, ಬಯಲಲ್ಲಿ ಕೂತು ಮಾಡಿ. ಹತ್ತಿರದಲ್ಲಿ ಗ್ಯಾಸ್ ಒಲೆ, ಊದಿನಕಡ್ಡಿ, ಬೀಡಿ ಯಾವುದೂ ಬೇಡ.

ಜೆಟ್ ಕ್ಲೀನ್ ಮಾಡಲು ಪಿನ್ ಹಾಕಬಹುದಾ?

ದಯವಿಟ್ಟು ಬೇಡ. ಉಕ್ಕಿನ ಪಿನ್ ಹಾಕಿದರೆ ತೂತು ದೊಡ್ಡದಾಗುತ್ತದೆ, ಗೀರು ಬೀಳುತ್ತದೆ. ಆಮೇಲೆ ಜೆಟ್ ಮೇಲಿನ ನಂಬರಿಗೆ ಅರ್ಥವೇ ಇರುವುದಿಲ್ಲ. ಹಳೆ ವೈರಿನ ಒಂದೇ ಒಂದು ತಾಮ್ರದ ಎಳೆ ಅಥವಾ ಮೀನು ಗಾಳದ ನೈಲಾನ್ ದಾರ ಸಾಕು. ಕಾರ್ಬೋರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಹತ್ತು ನಿಮಿಷ ಬಿಟ್ಟು, ಪಂಕ್ಚರ್ ಅಂಗಡಿಯ ಗಾಳಿ ಬಿಡಿಸಿ. ಆಮೇಲೆ ಬೆಳಕಿಗೆ ಹಿಡಿದು ನೋಡಿ, ದುಂಡನೆ ಚುಕ್ಕೆ ಕಾಣಬೇಕು. ಸ್ಪ್ರೇ ಹೊಡೆಯುವ ಮುನ್ನ ರಬ್ಬರ್ ಭಾಗಗಳನ್ನೂ ಫ್ಲೋಟನ್ನೂ (ಪೆಟ್ರೋಲ್ ಮೇಲೆ ತೇಲುವ ಬುರುಡೆ) ತೆಗೆದಿಡಿ. ಕಣ್ಣಿಗೆ ಕನ್ನಡಕ ಹಾಕಿ. ಒಂದು ತೂತಿಗೆ ಹೊಡೆದರೆ ಇನ್ನೊಂದು ತೂತಿನಿಂದ ನೇರ ಮುಖಕ್ಕೇ ಚಿಮ್ಮುತ್ತದೆ.

ಎಲ್ಲರೂ ಮೇನ್ ಜೆಟ್ ಕ್ಲೀನ್ ಮಾಡಿ ಖುಷಿಪಡುತ್ತಾರೆ. ಕಟ್ಟಿಕೊಳ್ಳುವುದು ಹೆಚ್ಚಾಗಿ ಪೈಲಟ್ ಜೆಟ್. ತೂತು ಕೂದಲಿನಷ್ಟು ಸಣ್ಣ. ಪೈಲಟ್ ದಾರಿ ಎಂಜಿನ್ ಕಡೆ ಸ್ಲೈಡಿನ ಕೆಳಗೆ ಒಂದೆರಡು ಚಿಕ್ಕ ತೂತಿನಲ್ಲಿ ಮುಗಿಯುತ್ತದೆ. ಏರ್ ಸ್ಕ್ರೂ ತೆಗೆದು ಅದರ ಜಾಗದಲ್ಲಿ ಸ್ಪ್ರೇ ಹೊಡೆದಾಗ ಆ ತೂತುಗಳಿಂದ ಹೊರಗೆ ಬರಬೇಕು. ಬರದಿದ್ದರೆ ಮತ್ತೆ ನೆನೆಹಾಕಿ.

ಕೆಲವರು ನಿಂಬೆರಸದಲ್ಲಿ ಕುದಿಸುತ್ತಾರೆ. ಸ್ವಚ್ಛವಾಗುವುದೇನೋ ನಿಜ. ಆದರೆ ಈ ಲೋಹಕ್ಕೆ ಹುಳಿ ಆಗಿಬರುವುದಿಲ್ಲ, ಕಪ್ಪಾಗುತ್ತದೆ. ನಾನಂತೂ ಮಾಡುವುದಿಲ್ಲ.

ಯಾವ ಭಾಗ ಬದಲಿಸಬೇಕು, ಯಾವುದು ಹಾಗೇ ಇರಲಿ?

ಫ್ಲೋಟ್ ಮೇಲೆದ್ದಾಗ ಪೆಟ್ರೋಲ್ ತಡೆಯುವ ಫ್ಲೋಟ್ ವಾಲ್ವಿನ ಚೂಪು ತುದಿಯನ್ನು ಉಗುರಿನಿಂದ ಸವರಿ. ಸುತ್ತಲೂ ಬಳೆಯ ಹಾಗೆ ಗುರುತು ತಗುಲಿದರೆ ಬದಲಿಸಿ. ನೀಡಲ್ ಮತ್ತು ನೀಡಲ್ ಜೆಟ್ ಜೊತೆಯಾಗಿ ಸವೆಯುತ್ತವೆ. ಹತ್ತಾರು ಸಾವಿರ ಕಿಲೋಮೀಟರ್ ಮೇಲೆ ಕೆಳಗೆ ಉಜ್ಜಿ ಉಜ್ಜಿ ನೀಡಲ್ ಜೆಟ್‌ನ ದುಂಡು ತೂತು ಮೊಟ್ಟೆಯಾಕಾರ ಆಗಿರುತ್ತದೆ. ಆಗ ಅರ್ಧ ಎಕ್ಸಿಲೇಟರ್‌ನಲ್ಲಿ ಪೆಟ್ರೋಲ್ ಜಾಸ್ತಿ ಹೋಗುತ್ತದೆ, ಮೈಲೇಜ್ ಇಳಿಯುತ್ತದೆ. ಎಲ್ಲ ಸರಿ ಇದ್ದೂ ಮೈಲೇಜ್ ಬರುತ್ತಿಲ್ಲ ಅನ್ನುವವರು ಇದನ್ನು ನೋಡಿ. ನನ್ನ ಬುಲೆಟ್‌ನಲ್ಲಿ ಇದೊಂದನ್ನೇ ಪತ್ತೆಹಚ್ಚಲು ಎರಡು ವರ್ಷ ಹಿಡಿಯಿತು.

ಸ್ಲೈಡ್ ಲೊಡಲೊಡ ಅನ್ನುವಷ್ಟು ಸವೆದಿದ್ದರೆ, ಬಾಡಿಯ ಒಳಗೂ ಸವೆದಿರುತ್ತದೆ. ಆಗ ಸ್ಲೋ (ಎಕ್ಸಿಲೇಟರ್ ಮುಟ್ಟದಾಗಿನ ಎಂಜಿನ್ ವೇಗ) ಯಾವತ್ತೂ ಒಂದೇ ಕಡೆ ನಿಲ್ಲುವುದಿಲ್ಲ. ಹೊಸ ಸ್ಲೈಡ್ ಹಾಕಿದರೆ ಒಂದಷ್ಟು ಸುಧಾರಿಸಬಹುದು, ಪೂರ್ತಿ ಗುಣವಾಗುವುದಿಲ್ಲ. ಹೊಸ ಕಾರ್ಬೋರೇಟರ್ ತರುವುದೇ ಲಾಭ.

ಮೂಲ ಜೆಟ್‌ಗಳನ್ನು ಎಸೆಯಬೇಡಿ. ಕಡಿಮೆ ಬೆಲೆಯ ರಿಪೇರಿ ಕಿಟ್‌ನಲ್ಲಿ ಬರುವ ಜೆಟ್‌ಗಳ ನಂಬರನ್ನು ನಾನು ನಂಬುವುದಿಲ್ಲ. ಕಿಟ್‌ನ ಪ್ಯಾಕಿಂಗ್ ಬಳಸುತ್ತೇನೆ, ಜೆಟ್ ಹಳೆಯದೇ ಹಾಕುತ್ತೇನೆ.

ಕಾರ್ಬೋರೇಟರ್‌ನಿಂದ ಪೆಟ್ರೋಲ್ ಸೋರುತ್ತಿದೆ. ಏನು ಕಾರಣ?

ಮೂರರಲ್ಲಿ ಒಂದು. ಫ್ಲೋಟ್ ವಾಲ್ವಿನಲ್ಲಿ ಕಸ ಸಿಕ್ಕಿದೆ, ವಾಲ್ವ್ ಸವೆದಿದೆ, ಅಥವಾ ಫ್ಲೋಟ್ ಒಳಗೆ ಪೆಟ್ರೋಲ್ ತುಂಬಿ ಮುಳುಗುತ್ತಿದೆ. ಮೊದಲು ಬೌಲ್‌ಗೆ (ಕಾರ್ಬೋರೇಟರ್ ಕೆಳಗಿನ ಪೆಟ್ರೋಲ್ ಬಟ್ಟಲು) ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ಕುಟ್ಟಿ. ನಿಂತರೆ ಕಸ. ನಿಲ್ಲದಿದ್ದರೆ ಬಿಚ್ಚಿ. ಫ್ಲೋಟನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಗುಳುಗುಳು ಅಂದರೆ ಹೋಯಿತು.

ಫ್ಲೋಟ್ ಎತ್ತರಕ್ಕೆ ಮ್ಯಾನ್ಯುಯಲ್‌ನಲ್ಲಿ ಅಳತೆ ಇರುತ್ತದೆ. ಅದು ಕೈಯಲ್ಲಿಲ್ಲದಿದ್ದರೆ ಕಾರ್ಬೋರೇಟರನ್ನು ತಲೆಕೆಳಗು ಹಿಡಿದು ನೋಡಿ. ವಾಲ್ವ್ ಮುಚ್ಚಿದ ಹೊತ್ತಿಗೆ ಫ್ಲೋಟಿನ ತೋಳು ಬಾಡಿಯ ಅಂಚಿಗೆ ಸಮಾನಾಂತರವಾಗಿರಬೇಕು. ಇದು ಅಂದಾಜು ಲೆಕ್ಕ, ಅಷ್ಟೇ.

ಸೋರುವ ಗಾಡಿಯನ್ನು ಕಾಕ್ ಆನ್ ಮಾಡಿಟ್ಟು ಮಲಗಬೇಡಿ. ಪೆಟ್ರೋಲ್ ಎಂಜಿನ್ ಒಳಗೆ ಇಳಿಯಬಹುದು. ಬುಲೆಟ್‌ನಂಥ ಫೋರ್ ಸ್ಟ್ರೋಕ್‌ನಲ್ಲಿ ಅದು ಆಯಿಲ್ ಜೊತೆ ಬೆರೆಯುತ್ತದೆ. ಆಯಿಲ್ ಮೂಸಿ ನೋಡಿ, ಪೆಟ್ರೋಲ್ ವಾಸನೆ ಬಂದರೆ ಸ್ಟಾರ್ಟ್ ಮಾಡದೆ ಮೊದಲು ಆಯಿಲ್ ಬದಲಿಸಿ.

ಎಲ್ಲ ಜೋಡಿಸಿ ಕಿಕ್ ಹೊಡೆದೆ. ಗಾಡಿ ಕಿರುಚಿಕೊಳ್ಳುತ್ತಿದೆ!

ಕೂಡಲೇ ಕೀ ಆಫ್ ಮಾಡಿ. ಸ್ಲೈಡ್ ಉಲ್ಟಾ ಹಾಕಿದ್ದೀರಿ, ಅಲ್ವಾ?

ನಾನೂ ಹಾಕಿದ್ದೇನೆ. ಭಾನುವಾರ ಬೆಳಿಗ್ಗೆ ಏಳು ಗಂಟೆಗೆ, ಇಡೀ ಬೀದಿ ಎದ್ದು ಹೊರಗೆ ಬಂತು. ಸ್ಲೈಡಿನ ಓರೆ ಕಟ್ ಏರ್ ಫಿಲ್ಟರ್ ಕಡೆಗೆ ಇರಬೇಕು. ಪಕ್ಕದ ಉದ್ದ ಗೀರು ಬಾಡಿಯೊಳಗಿನ ಪಿನ್ನಿಗೆ ಕೂರಬೇಕು. ಕೂತ ಮೇಲೆ ಎಕ್ಸಿಲೇಟರ್ ತಿರುಗಿಸಿ ಬಿಟ್ಟರೆ ಟಕ್ ಅಂತ ಕೆಳಗೆ ಬಿದ್ದ ಸದ್ದು ಕೇಳಬೇಕು. ಆ ಸದ್ದು ಕೇಳದೆ ಕಿಕ್ ಹೊಡೆಯಬೇಡಿ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿಯೂ ನೋಡಿ, ಕೇಬಲ್ ಬಿಗಿಯಿದ್ದರೆ ತಿರುವಿನಲ್ಲಿ ತಾನಾಗಿ ರೈಸ್ ಆಗುತ್ತದೆ.

ಏರ್ ಸ್ಕ್ರೂ ಹೇಗೆ ಸೆಟ್ ಮಾಡುವುದು?

ತಣ್ಣಗಿನ ಎಂಜಿನ್‌ನಲ್ಲಿ ಮಾಡಬೇಡಿ. ಐದು ಕಿಲೋಮೀಟರ್ ಓಡಿಸಿ ಬನ್ನಿ. ಗಾಡಿ ಆಫ್ ಇರುವಾಗ ಏರ್ ಸ್ಕ್ರೂ ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ. ತಾಗಿತು ಅನ್ನಿಸಿದ ಕೂಡಲೇ ನಿಲ್ಲಿಸಿ, ಬಿಗಿದರೆ ಚೂಪು ತುದಿ ಹಾಳು. ಅಲ್ಲಿಂದ ಒಂದೂವರೆ ಸುತ್ತು ಹೊರಗೆ. ಸ್ಟಾರ್ಟ್ ಮಾಡಿ, ಸ್ಲೈಡ್ ಎತ್ತುವ ದೊಡ್ಡ ಸ್ಕ್ರೂನಿಂದ ಸ್ಲೋ ಸ್ವಲ್ಪ ಏರಿಸಿ.

ಈಗ ಏರ್ ಸ್ಕ್ರೂವನ್ನು ಕಾಲು ಸುತ್ತು ಒಳಗೆ, ಕಾಲು ಸುತ್ತು ಹೊರಗೆ ಆಡಿಸಿ. ಪ್ರತಿ ಸಲ ನಾಲ್ಕೈದು ಸೆಕೆಂಡ್ ಕಾಯಿರಿ, ಎಂಜಿನ್ ನಿಧಾನವಾಗಿ ಮಾತು ಕೇಳುತ್ತದೆ. ಒಂದು ಕಡೆ ಸದ್ದು ಅತಿ ಚುರುಕಾಗಿ, ಒಂದೇ ಸಮನೆ ಬರುತ್ತದೆ. ಅಲ್ಲಿ ಬಿಡಿ. ಸ್ಲೋ ಇಳಿಸಿ. ಮತ್ತೊಮ್ಮೆ ಅದೇ ಆಟ. ಎರಡು ಸಲ ಮಾಡಿದರೆ ಸಾಕು.

ಆ ಒಳ್ಳೆ ಜಾಗ ಅರ್ಧ ಸುತ್ತಿಗಿಂತ ಒಳಗೆ ಸಿಕ್ಕರೆ ಪೈಲಟ್ ಜೆಟ್ ಕಟ್ಟಿಕೊಂಡಿದೆ ಅಥವಾ ಚಿಕ್ಕದು. ಎರಡೂವರೆ ಸುತ್ತಿಗಿಂತ ಹೊರಗೆ ಸಿಕ್ಕರೆ ಜೆಟ್ ದೊಡ್ಡದು.

ಬುಲೆಟ್‌ಗೆ ಒಂದು ಮಾತು. ಡುಗ್... ಡುಗ್... ಅಂತ ಎಣಿಸುವ ಹಾಗೆ ಸ್ಲೋ ಇಡುವುದು ಕೇಳಲು ಚಂದ. ಆದರೆ ಆಯಿಲ್ ಪಂಪು ಎಂಜಿನ್ ಜೊತೆಗೇ ತಿರುಗುವುದು. ತೀರಾ ನಿಧಾನ ಆದರೆ ಮೇಲಕ್ಕೆ ಆಯಿಲ್ ಸರಿಯಾಗಿ ಹೋಗುವುದಿಲ್ಲ.

ಸ್ಕ್ರೂ ಒಳಗೆ ತಿರುಗಿಸಿದರೆ ಪೆಟ್ರೋಲ್ ಜಾಸ್ತಿಯಾ, ಕಮ್ಮಿಯಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಇಬ್ಬರೂ ಸರಿ. ಸ್ಕ್ರೂ ಎಲ್ಲಿದೆ ನೋಡಿ. ಏರ್ ಫಿಲ್ಟರ್ ಕಡೆಗಿದ್ದರೆ ಅದು ಗಾಳಿಯ ಸ್ಕ್ರೂ. ಒಳಗೆ ತಿರುಗಿಸಿದರೆ ಗಾಳಿ ಕಮ್ಮಿಯಾಗಿ ಪೆಟ್ರೋಲ್ ಪಾಲು ಜಾಸ್ತಿ, ಅಂದರೆ ರಿಚ್. ವಿಎಂ ಕಾರ್ಬೋರೇಟರ್‌ಗಳು ಹೀಗೆ. ಸ್ಕ್ರೂ ಎಂಜಿನ್ ಕಡೆಗಿದ್ದರೆ ಸಾಮಾನ್ಯವಾಗಿ ಅದು ಮಿಶ್ರಣದ ಸ್ಕ್ರೂ. ಹೊರಗೆ ತಿರುಗಿಸಿದರೆ ರಿಚ್. ಆಮೇಲಿನ ಬುಲೆಟ್‌ಗಳಲ್ಲಿ ಬಂದ, ರಬ್ಬರ್ ಪೊರೆ ಇರುವ ಕಾರ್ಬೋರೇಟರ್‌ಗಳು ಈ ಜಾತಿ.

ಚೋಕ್ ಎಳೆದು ರೈಸ್ ಮಾಡಿದರೂ ಬೆಳಿಗ್ಗೆ ಸ್ಟಾರ್ಟ್ ಆಗಲ್ಲ.

ರೈಸ್ ಮಾಡುವುದೇ ತಪ್ಪು. ಇವುಗಳಲ್ಲಿರುವುದು ಗಾಳಿ ಮುಚ್ಚುವ ಚೋಕ್ ಅಲ್ಲ. ಹೆಚ್ಚುವರಿ ಪೆಟ್ರೋಲ್ ಬಿಡುವ ಪುಟ್ಟ ಬೇರೆ ದಾರಿ. ಸ್ಲೈಡ್ ಪೂರ್ತಿ ಕೆಳಗಿದ್ದಾಗ ಮಾತ್ರ ಎಳೆತ ಹುಟ್ಟಿ ಅದು ಕೆಲಸ ಮಾಡುತ್ತದೆ. ಚೋಕ್ ಎಳೆಯಿರಿ, ಎಕ್ಸಿಲೇಟರ್ ಮುಟ್ಟದೆ ಕಿಕ್ ಹೊಡೆಯಿರಿ.

ಆ ಚೋಕ್ ಕಡ್ಡಿಯ ತುದಿಯಲ್ಲಿ ಒಂದು ರಬ್ಬರ್ ಇದೆ. ಅದು ಸವೆದರೆ ಚೋಕ್ ಮುಚ್ಚಿದರೂ ಪೆಟ್ರೋಲ್ ಹೋಗುತ್ತಲೇ ಇರುತ್ತದೆ. ಪ್ಲಗ್ ಸದಾ ಕಪ್ಪು, ಏರ್ ಸ್ಕ್ರೂ ಎಷ್ಟು ಆಡಿಸಿದರೂ ಬದಲಾವಣೆ ಇಲ್ಲ ಅಂದರೆ ಅದನ್ನು ನೋಡಿ.

ಗಾಡಿ ಬಿಸಿಯಾದ ಮೇಲೆ ಸ್ಲೋ ತಾನಾಗಿ ಏರುತ್ತದೆ. ಎಕ್ಸಿಲೇಟರ್ ಬಿಟ್ಟರೂ ಬೇಗ ಇಳಿಯಲ್ಲ.

ಎಲ್ಲೋ ಕಳ್ಳ ಗಾಳಿ ನುಗ್ಗುತ್ತಿದೆ. ಕಾರ್ಬೋರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಬಿರುಕು ಬಿಟ್ಟಿರಬಹುದು, ಕ್ಲಾಂಪ್ ಸಡಿಲ ಇರಬಹುದು, ಓ ರಿಂಗ್ ಚಪ್ಪಟೆ ಆಗಿರಬಹುದು. ಟೂ ಸ್ಟ್ರೋಕ್ ಆದರೆ ಕ್ರ್ಯಾಂಕ್ ಆಯಿಲ್ ಸೀಲ್ ಕೂಡ. ಸೋಪಿನ ನೀರನ್ನು ಒಂದೊಂದೇ ಜಾಯಿಂಟಿಗೆ ಚಿಮುಕಿಸಿ, ಸದ್ದು ಬದಲಾದ ಜಾಗವೇ ಕಳ್ಳನ ಜಾಗ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಹಾಕಿ ಪರೀಕ್ಷೆ ಮಾಡುವವರಿದ್ದಾರೆ. ಅದು ಬೆಂಕಿಗೆ ಕರೆದ ಹಾಗೆ.

ಟೂ ಸ್ಟ್ರೋಕ್‌ನವರು ಇದನ್ನು ಇವತ್ತೇ ಸರಿಮಾಡಿ. ಗಾಳಿ ಜಾಸ್ತಿಯಾದರೆ ಬಿಸಿ ಏರಿ ಪಿಸ್ಟನ್ ಸೀಜ್ ಆಗುತ್ತದೆ, ಅಂದರೆ ಸಿಲಿಂಡರಿನಲ್ಲಿ ಸಿಕ್ಕಿಕೊಳ್ಳುತ್ತದೆ. ನನ್ನ ಆರ್‌ಎಕ್ಸ್ ಹಾಗೇ ಒಮ್ಮೆ ಲಾಕ್ ಆಯಿತು. ಅದರ ಹಿಂದಿನ ವಾರವಷ್ಟೇ ಒಂದು ಗ್ಯಾರೇಜಿನಲ್ಲಿ ಕ್ಲಾಂಪ್ ಬಿಗಿಯದೆ ಕಳಿಸಿದ್ದರು. ಕ್ಲಚ್ ಹಿಡಿದಿದ್ದರಿಂದ ಬದುಕಿದೆ, ಬೋರ್ ಮಾಡಿಸಬೇಕಾಯಿತು.

ನೀಡಲ್ ಕ್ಲಿಪ್ ಯಾವ ಗೀರಿಗೆ ಹಾಕಬೇಕು?

ಸಾಮಾನ್ಯವಾಗಿ ಐದು ಗೀರು ಇರುತ್ತವೆ, ನಡುವಿನದರಿಂದ ಶುರುಮಾಡಿ. ಕ್ಲಿಪ್ ಕೆಳಗಿನ ಗೀರಿಗೆ ಹಾಕಿದರೆ ನೀಡಲ್ ಮೇಲೇರಿ ರಿಚ್. ಮೇಲಿನ ಗೀರಿಗೆ ಹಾಕಿದರೆ ನೀಡಲ್ ಇಳಿದು ಲೀನ್, ಅಂದರೆ ಪೆಟ್ರೋಲ್ ಪಾಲು ಕಮ್ಮಿ. ಇದು ಎಲ್ಲರ ತಲೆ ತಿರುಗಿಸುತ್ತದೆ, ಗೋಡೆಗೆ ಬರೆದು ಅಂಟಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಮಾಡಿದ್ದನ್ನು ತಾರೀಕಿನ ಸಮೇತ ಬರೆದಿಡಿ. ನೀಡಲ್, ಜೆಟ್, ಪ್ಲಗ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ.

ಮೇನ್ ಜೆಟ್ ಸರಿಯಿದೆಯಾ ಅಂತ ನೋಡುವುದು ಹೇಗೆ?

ಹೊಸ ಪ್ಲಗ್ ಹಾಕಿ, ಖಾಲಿ ರಸ್ತೆಯಲ್ಲಿ ಪೂರ್ತಿ ಎಕ್ಸಿಲೇಟರ್‌ನಲ್ಲಿ ಸ್ವಲ್ಪ ದೂರ ಓಡಿಸಿ, ಕ್ಲಚ್ ಹಿಡಿದು ಕೀ ಆಫ್ ಮಾಡಿ. ಉರುಳಿಕೊಂಡು ನಿಂತ ಮೇಲೆ ಪ್ಲಗ್ ತೆಗೆದು ನೋಡಿ. ಕಾಫಿ ಬಣ್ಣ ಒಳ್ಳೆಯದು. ಒಣ ಕಪ್ಪು ಮಸಿ ರಿಚ್. ಸುಣ್ಣದ ಬಿಳುಪು ಲೀನ್. ಈಗಿನ ಪೆಟ್ರೋಲ್‌ನಲ್ಲಿ ಬಣ್ಣ ಮೊದಲಿನಷ್ಟು ಗಾಢವಾಗಿ ಬರುವುದಿಲ್ಲ. ಸೀಸ 2000ನೇ ಇಸವಿಯಲ್ಲೇ ಹೋಯಿತು, ಹಳೆ ಪುಸ್ತಕದ ಚಿತ್ರಗಳಿಗೆ ತಾಳೆ ಹಾಕಿ ಗಾಬರಿಯಾಗಬೇಡಿ. ರಸ್ತೆ ಆರಿಸುವಾಗ ನೆನಪಿರಲಿ, ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 2023ರ ಆಗಸ್ಟ್‌ನಿಂದ ಬೈಕಿಗೆ ಪ್ರವೇಶವಿಲ್ಲ.

ಮಂಗಳೂರಿನಲ್ಲಿ ಚೆನ್ನಾಗಿತ್ತು, ಘಟ್ಟ ಹತ್ತಿದರೆ ಮಂಕಾಗುತ್ತದೆ. ಯಾಕೆ?

ಮೇಲೆ ಹೋದಷ್ಟು ಗಾಳಿ ತೆಳುವಾಗುತ್ತದೆ. ಸಾವಿರ ಮೀಟರ್ ಏರಿದರೆ ಸುಮಾರು ಹತ್ತರಲ್ಲಿ ಒಂದು ಪಾಲು ಕಮ್ಮಿ. ಜೆಟ್‌ಗೆ ಇದೆಲ್ಲ ಗೊತ್ತಾಗುವುದಿಲ್ಲ, ಗಾಡಿ ರಿಚ್ ಆಗುತ್ತದೆ. ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸಿದಾಗ ಏರ್ ಸ್ಕ್ರೂ ಕಾಲು ಸುತ್ತು ಹೊರಗೆ ತಿರುಗಿಸಿದರೆ ಸ್ಲೋ ಸರಿಹೋಗುತ್ತದೆ. ಅದಕ್ಕಿಂತ ಜಾಸ್ತಿ ಬೇಡ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೂ ಜೆಟ್ ಬದಲಿಸದೆ ಹೋಗಿಬಂದಿದ್ದೇನೆ. ಎಂಜಿನ್ ಶಕ್ತಿ ಕುಗ್ಗುವುದು ಅಲ್ಲಿ ಸಹಜ. ಇಳಿದ ಮೇಲೆ ಸ್ಕ್ರೂ ಮರಳಿ ಮೊದಲಿನ ಜಾಗಕ್ಕೆ ತನ್ನಿ, ಮರೆಯಬೇಡಿ.

ಇ20 ಪೆಟ್ರೋಲ್‌ಗೆ ಏನಾದರೂ ಮಾಡಬೇಕಾ?

ಇ20 ಅಂದರೆ ನೂರರಲ್ಲಿ 20 ಪಾಲು ಎಥನಾಲ್. ಇದರ ಮಾರಾಟ ಶುರುವಾದದ್ದು 2023ರ ಫೆಬ್ರುವರಿಯಲ್ಲಿ, ನಮ್ಮ ಬೆಂಗಳೂರಿನ ಸಮಾರಂಭದಲ್ಲೇ. ಶುದ್ಧ ಪೆಟ್ರೋಲ್ ಒಂದು ಪಾಲಿಗೆ ಸುಮಾರು 14.7 ಪಾಲು ಗಾಳಿ ಬೇಕು, ತೂಕದ ಲೆಕ್ಕದಲ್ಲಿ. ಇ20ಗೆ ಹದಿಮೂರೂವರೆ ಆಸುಪಾಸು ಸಾಕು. ಅಂದರೆ ಹಳೆಯ ಜೆಟ್‌ನಲ್ಲಿ ಗಾಡಿ ಸ್ವಲ್ಪ ಲೀನ್ ಆಗುತ್ತದೆ. ನಾನು ಬುಲೆಟ್‌ಗೆ ನೀಡಲ್ ಒಂದು ಗೀರು ಎತ್ತಿದೆ. ಆರ್‌ಎಕ್ಸ್‌ಗೆ ಅದರ ಜೊತೆ ಮೇನ್ ಜೆಟ್ ಒಂದು ನಂಬರ್ ದೊಡ್ಡದು ಹಾಕಿದೆ, ಸೀಜ್ ಆದ ಭಯ ಇನ್ನೂ ಹೋಗಿಲ್ಲ. ನಿಮ್ಮ ಗಾಡಿಗೆ ಪ್ಲಗ್ ನೋಡಿ ತೀರ್ಮಾನಿಸಿ.

ಹೆಚ್ಚು ಕಾಟ ರಬ್ಬರಿನದ್ದು. ಹಳೆ ಪೈಪು, ಓ ರಿಂಗ್ ಊದಿಕೊಳ್ಳುತ್ತವೆ, ಮೆತ್ತಗಾಗುತ್ತವೆ. ಎಥನಾಲ್ ನೀರು ಹೀರುತ್ತದೆ. ಮಳೆಗಾಲದಲ್ಲಿ ತಿಂಗಳು ನಿಂತ ಗಾಡಿಯ ಬೌಲ್‌ನಲ್ಲಿ ಬಿಳಿ ಪುಡಿ ಕಟ್ಟಿರುತ್ತದೆ. ಎರಡು ವಾರಕ್ಕಿಂತ ಜಾಸ್ತಿ ನಿಲ್ಲಿಸುವುದಿದ್ದರೆ ಬೌಲ್ ಖಾಲಿ ಮಾಡಿ.

ಏರ್ ಫಿಲ್ಟರ್ ತೆಗೆದರೆ ಪಿಕಪ್ ಜಾಸ್ತಿ ಬರುತ್ತಂತೆ?

ಸದ್ದು ಜಾಸ್ತಿ ಬರುತ್ತದೆ. ಗಾಡಿ ಲೀನ್ ಆಗುತ್ತದೆ, ಧೂಳು ನೇರ ಸಿಲಿಂಡರ್‌ಗೆ ಹೋಗುತ್ತದೆ. ದೊಡ್ಡ ಕಾರ್ಬೋರೇಟರ್ ಹಾಕಿದರೂ ಕಥೆ ಇಷ್ಟೇ. ದಾರಿ ಅಗಲವಾದಷ್ಟು ಗಾಳಿಯ ವೇಗ ಇಳಿಯುತ್ತದೆ, ಸಿಟಿ ಓಡಾಟದಲ್ಲಿ ಎಳೆತ ಸಾಯುತ್ತದೆ.

ಆರ್‌ಎಕ್ಸ್‌ನ ಆಯಿಲ್ ಪಂಪ್ ತೆಗೆಸಿ ಪೆಟ್ರೋಲಿಗೇ ಆಯಿಲ್ ಬೆರೆಸುತ್ತೇನೆ. ಟ್ಯೂನಿಂಗ್ ಬದಲಾಗುತ್ತದಾ?

ಆಗುತ್ತದೆ. ಜೆಟ್‌ನಲ್ಲಿ ಹೋಗುವ ದ್ರವದಲ್ಲಿ ಒಂದು ಪಾಲು ಈಗ ಆಯಿಲ್, ಅಷ್ಟು ಪೆಟ್ರೋಲ್ ಕಮ್ಮಿ. ಆಯಿಲ್ ಜಾಸ್ತಿ ಹಾಕಿದಷ್ಟೂ ಗಾಡಿ ಲೀನ್ ಆಗುತ್ತದೆ, ಕೇಳಲು ಉಲ್ಟಾ ಅನ್ನಿಸಿದರೂ. ಪಂಪಿನ ಪೈಪ್ ಸೇರುತ್ತಿದ್ದ ತೂತು ಗಟ್ಟಿಯಾಗಿ ಮುಚ್ಚಿಸಿ, ಕಳ್ಳ ಗಾಳಿಗೆ ಅದೇ ಬಾಗಿಲು. ಪಂಪ್ ಸರಿಯಿದ್ದರೆ ತೆಗೆಸಬೇಡಿ ಅನ್ನುವುದು ನನ್ನ ಸಲಹೆ.

ನನ್ನದು ಯೆಜ್ಡಿ. ಇದೆಲ್ಲ ಅನ್ವಯಿಸುತ್ತದಾ?

ಬಹುಪಾಲು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಅಲ್ಲಿಂದ ಹೊರಟ ಹಳೆಯ ಗಾಡಿಗಳಲ್ಲಿ ಜೆಕ್ ಮೂಲದ ಜಿಕೋವ್ ಕಾರ್ಬೋರೇಟರ್ ಇದೆ. ಅದರಲ್ಲಿ ಟಿಕ್ಲರ್ ಗುಂಡಿ ಇರುತ್ತದೆ. ಒತ್ತಿದರೆ ಫ್ಲೋಟ್ ತಗ್ಗಿ ಪೆಟ್ರೋಲ್ ತುಂಬುತ್ತದೆ. ತಣ್ಣಗಿದ್ದಾಗ ಪೆಟ್ರೋಲ್ ಜಿನುಗುವಷ್ಟು ಒತ್ತಿ ಬಿಡಿ. ಬಿಸಿ ಎಂಜಿನ್‌ನಲ್ಲಿ ಒತ್ತಿದರೆ ಪ್ಲಗ್ ನೆನೆದು, ಬಸ್‌ಸ್ಟಾಂಡ್ ಎದುರು ಕಿಕ್ ಹೊಡೆಯುತ್ತ ಬೆವರುತ್ತೀರಿ.

ಎಮಿಷನ್ ಟೆಸ್ಟ್‌ನಲ್ಲಿ ಫೇಲ್ ಆಯಿತು.

2000ನೇ ಇಸವಿಯ ಮಾರ್ಚ್‌ವರೆಗಿನ ಬೈಕಿಗೆ ಕಾರ್ಬನ್ ಮೊನಾಕ್ಸೈಡ್ ಮಿತಿ ನೂರಕ್ಕೆ 4.5. ಪರೀಕ್ಷೆ ಸ್ಲೋನಲ್ಲೇ ನಡೆಯುವುದರಿಂದ ಪೈಲಟ್ ಮತ್ತು ಏರ್ ಸ್ಕ್ರೂ ಮಾತ್ರ ಲೆಕ್ಕಕ್ಕೆ. ಗಾಡಿ ಬಿಸಿ ಮಾಡಿಕೊಂಡು ಹೋಗಿ, ಚೋಕ್ ಮುಚ್ಚಿದೆಯಾ ನೋಡಿ.

ಎಲ್ಲ ಜೋಡಿಸಿದ ಮೇಲೆ ತಟ್ಟೆಯಲ್ಲಿ ಒಂದು ಚಿಕ್ಕ ವಾಷರ್ ಉಳಿದಿದೆ. ಗಾಡಿ ಓಡುತ್ತಿದೆ. ಬಿಡಲಾ?

ಬಿಡಬೇಡಿ. ಪ್ಲಾಸ್ಟಿಕ್‌ನದಾದರೆ ನೀಡಲ್ ಕ್ಲಿಪ್ ಹತ್ತಿರದ್ದು, ಅದಿಲ್ಲದೆ ನೀಡಲ್ ಎತ್ತರ ಬದಲಾಗುತ್ತದೆ. ಲೋಹದ ಬಳೆಯಂಥದಾದರೆ ಮೇನ್ ಜೆಟ್ ಸುತ್ತಲಿನದು. ತೀರಾ ತೆಳುವಾದದ್ದಾದರೆ ಫ್ಲೋಟ್ ವಾಲ್ವ್ ಸೀಟಿನ ಕೆಳಗಿನದು, ಇನ್ನು ಸ್ವಲ್ಪ ಹೊತ್ತಿಗೆ ಪೆಟ್ರೋಲ್ ಸೋರಲು ಶುರುವಾಗುತ್ತದೆ. ಕಾಕ್ ಬಂದ್ ಮಾಡಿ, ಫೋನ್ ತೆಗೆದು ಬೆಳಿಗ್ಗೆಯ ಫೋಟೋಗಳನ್ನು ನೋಡಿ.